ಒಟ್ಟು ಬಲ ಸೊನ್ನೆ ಅಂತ ಖುಷಿಪಟ್ಟಿದ್ದೆ

ಟೊಕಮಾಕ್ ಅಂದರೆ ಉಂಗುರದಾಕಾರದ ನ್ಯೂಕ್ಲಿಯರ್ ಫ್ಯೂಷನ್ ಯಂತ್ರ. ಅದರೊಳಗಿನ ಪ್ಲಾಸ್ಮಾ (ಕರೆಂಟ್ ಹರಿಯುವ ಅತಿ ಬಿಸಿ ಅನಿಲ) ದಿಢೀರನೆ ಕುಸಿದರೆ ಅದಕ್ಕೆ ಡಿಸ್ರಪ್ಷನ್ ಅನ್ನುತ್ತಾರೆ. ಆಗ ಒಳಗೋಡೆಗೆ ಹೊದಿಸಿದ ರಕ್ಷಣಾ ತುಂಡಾದ ಬ್ಲಾಂಕೆಟ್ ಬ್ಲಾಕ್ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸೀದಾ ಸಾಫ್ಟ್‌ವೇರ್ ತೆರೆದು ಮೆಶ್ ಮಾಡಲು, ಅಂದರೆ ಬ್ಲಾಕನ್ನು ಲೆಕ್ಕಕ್ಕಾಗಿ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಲು ಕೂತೆ. ಎರಡು ವಾರ ಹೆಣಗಿದ ಮೇಲೆ ಉತ್ತರ ಬಂತು: ಒಟ್ಟು ಬಲ ಹೆಚ್ಚುಕಡಿಮೆ ಸೊನ್ನೆ. ಖುಷಿಯಾಗಿ ವರದಿ ಬರೆದೆ.

ವರದಿ ನೋಡಿದ ಹಿರಿಯರು ಒಂದೇ ಮಾತು ಕೇಳಿದರು: "ಟಾರ್ಕ್ ಎಷ್ಟು?" ಟಾರ್ಕ್ ಅಂದರೆ ತಿರುಚುವ ಬಲ. ನಾನು ಅದನ್ನು ಲೆಕ್ಕ ಹಾಕಿಯೇ ಇರಲಿಲ್ಲ.

ಆಮೇಲೆ ಪೆನ್ನು ಹಿಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೊಡ್ಡ ಟೊಕಮಾಕ್ ಇಟರ್ (ITER) ಗಾತ್ರದ ಯಂತ್ರದಲ್ಲಿ ಪ್ಲಾಸ್ಮಾ ಕರೆಂಟ್ 15 ಮೆಗಾಆಂಪಿಯರ್. ಅದರಿಂದ 2 ಮೀಟರ್ ದೂರದಲ್ಲಿ ಕಾಂತಕ್ಷೇತ್ರ ಸುಮಾರು 1.5 ಟೆಸ್ಲಾ. ಅತಿ ವೇಗದ ಸಂದರ್ಭದಲ್ಲಿ ಈ ಕರೆಂಟ್ 36 ಮಿಲಿಸೆಕೆಂಡ್‌ನಲ್ಲಿ ಇಳಿದುಹೋಗುತ್ತದೆ. ಅಂದರೆ ಸೆಕೆಂಡಿಗೆ 40 ಟೆಸ್ಲಾಗಿಂತ ಜಾಸ್ತಿ ವೇಗದ ಬದಲಾವಣೆ! ಬ್ಲಾಕ್ ಪೂರ್ತಿ ದಪ್ಪ ಸ್ಟೀಲ್. ಅಂಥದ್ದರಲ್ಲಿ ಎಡ್ಡಿ ಕರೆಂಟ್ (ಕಾಂತಕ್ಷೇತ್ರ ಬದಲಾದಾಗ ಲೋಹದೊಳಗೆ ಸುತ್ತು ಹಾಕುವ ಕರೆಂಟ್) ಹುಟ್ಟದೆ ಇರುತ್ತದಾ?

ಆ ಕರೆಂಟ್ ಬ್ಲಾಕಿನ ಮುಂಭಾಗದಲ್ಲಿ ಅಡ್ಡಡ್ಡ ಹರಿದು, ಒಂದು ಪಕ್ಕದಿಂದ ಹಿಂದಕ್ಕೆ ಹೋಗಿ, ಇನ್ನೊಂದು ಪಕ್ಕದಿಂದ ವಾಪಸ್ ಬರುತ್ತದೆ. ಉಂಗುರದ ಉದ್ದಕ್ಕೂ ಸುತ್ತುವ ದೊಡ್ಡ ಕಾಂತಕ್ಷೇತ್ರ (ಟೊರಾಯ್ಡಲ್ ಕ್ಷೇತ್ರ) ಮಾತ್ರ ಎಲ್ಲೂ ಹೋಗಿಲ್ಲ, ಹಾಗೇ ಇದೆ. ಹೀಗಾಗಿ ಎಡಪಕ್ಕಕ್ಕೆ ಮೇಲ್ಮುಖ ಬಲ, ಬಲಪಕ್ಕಕ್ಕೆ ಕೆಳಮುಖ ಬಲ. ಕೂಡಿದರೆ ಸೊನ್ನೆ. ಆದರೆ ಬ್ಲಾಕ್ ಸ್ಟೀರಿಂಗ್ ಚಕ್ರದ ಹಾಗೆ ತಿರುಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಬೇಕಾದ್ದು ಹಿಂದಿನ ಬೋಲ್ಟು, ಸಪೋರ್ಟುಗಳು.

ಪರಿಹಾರ ಹೊಸದೇನಲ್ಲ. ಬ್ಲಾಕಿನ ಮುಖದಿಂದ ಒಳಕ್ಕೆ ಉದ್ದುದ್ದ ಸೀಳು ಹಾಕುವುದು. ದೊಡ್ಡ ಸುತ್ತು ಒಡೆದು ಚಿಕ್ಕ ಚಿಕ್ಕ ಸುತ್ತುಗಳಾಗುತ್ತವೆ, ಟಾರ್ಕ್ ಇಳಿಯುತ್ತದೆ. ಒಳಗೆ ತಂಪು ನೀರಿನ ದಾರಿಗಳು ಇರುವುದರಿಂದ ಬೇಕಾದ ಕಡೆ ಸೀಳಲು ಆಗಲಿಲ್ಲ, ಅಷ್ಟೇ. ಡಿಸೈನ್ ತಂಡದ ಜೊತೆ ಒಂದೊಂದು ಸೀಳಿಗೂ ಚೌಕಾಸಿ ಮಾಡಿದ್ದೇನೆ!

  

ಇಷ್ಟಾದರೂ ಹೇಲೋ ಕರೆಂಟ್ ಬಾಕಿ ಇತ್ತು. ಪ್ಲಾಸ್ಮಾ ಮೇಲಕ್ಕೋ ಕೆಳಕ್ಕೋ ಜಾರಿ ಗೋಡೆಗೆ ತಾಗಿದರೆ, ಪ್ಲಾಸ್ಮಾದ ಕರೆಂಟೇ ಸ್ಟೀಲಿನೊಳಗೆ ನುಗ್ಗುತ್ತದೆ. ಇದು ಬ್ಲಾಕಿನೊಳಗೇ ಮುಚ್ಚಿಕೊಳ್ಳುವ ಸುತ್ತಲ್ಲ, ಆದ್ದರಿಂದ ಇಲ್ಲಿ ಒಟ್ಟು ಬಲ ಸೊನ್ನೆಯಾಗುವುದಿಲ್ಲ. ಅದು ಹರಿಯುವುದು ಸೀಳುಗಳ ಉದ್ದಕ್ಕೇ, ಹಾಗಾಗಿ ನಾವು ಚೌಕಾಸಿ ಮಾಡಿ ಹಾಕಿಸಿದ ಸೀಳು ಅದನ್ನು ತಡೆಯುವುದಿಲ್ಲ. ಆ ಲೆಕ್ಕವನ್ನು ಬೇರೆಯಾಗಿಯೇ ಶುರು ಮಾಡಬೇಕಾಯಿತು.