ಹಡಗು ಹತ್ತುವ ದಿನ: ಸೂಟ್‌ಕೇಸ್ ಕೈಬಿಡುವ ಮುನ್ನ

ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ನಿಲ್ಲುವ ದೊಡ್ಡ ಪ್ರವಾಸಿ ಹಡಗುಗಳನ್ನು ನೋಡಿ, ಇಲ್ಲಿಂದಲೇ ಹತ್ತಬಹುದಲ್ಲ ಎಂದುಕೊಳ್ಳುವವರು ಬಹಳ. ಅವು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗುಗಳು. ಪ್ರಯಾಣಿಕರು ಬೇರೆಲ್ಲೋ ಹತ್ತಿ ಬಂದವರು. ಇಲ್ಲಿ ಇಳಿದು ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಮತ್ತೆ ಹಡಗಿಗೆ ಮರಳುತ್ತಾರೆ. ನಮ್ಮ ಕಡೆಯವರು ಕ್ರೂಸ್ ಹತ್ತುವುದು ಮುಂಬಯಿಯಲ್ಲಿ ಅಥವಾ ಕೊಚ್ಚಿಯಲ್ಲಿ, ವಿಮಾನದಲ್ಲಿ ಹೋದರೆ ದುಬೈ, ಸಿಂಗಾಪುರದಲ್ಲಿ. ಎಲ್ಲಿ ಹತ್ತಿದರೂ ಆ ದಿನದ ಕ್ರಮ ಹೆಚ್ಚುಕಡಿಮೆ ಒಂದೇ. ಕೆಡುವ ಜಾಗವೂ ಒಂದೇ: ಚೀಲ. ಹಿಂದಿನ ರಾತ್ರಿ ಯಾವುದನ್ನು ಯಾವ ಚೀಲಕ್ಕೆ ಹಾಕಿದಿರಿ ಎಂಬುದರ ಮೇಲೆ ಮರುದಿನವಿಡೀ ನಿಂತಿರುತ್ತದೆ.

ಮೊದಲು ಕಾಗದಪತ್ರ

ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಮಾಡಿ ಮುಗಿಸಿ. ಮುಖದ ಫೋಟೊ, ಗುರುತಿನ ದಾಖಲೆ, ತುರ್ತು ಸಂದರ್ಭದಲ್ಲಿ ಕರೆಯಬೇಕಾದವರ ಫೋನ್ ಸಂಖ್ಯೆ ಕೇಳುತ್ತದೆ. ಕೊನೆಯಲ್ಲಿ ಟರ್ಮಿನಲ್‌ಗೆ ಬರುವ ಸಮಯವನ್ನು ನೀವೇ ಆರಿಸಬೇಕು. ಮಧ್ಯಾಹ್ನ ಹನ್ನೆರಡರ ಆಸುಪಾಸಿನ ಸ್ಲಾಟ್ ಒಳ್ಳೆಯದು. ಮೊದಲ ಸ್ಲಾಟಿನವರಿಗೆ ಕ್ಯಾಬಿನ್ ಸಿದ್ಧವಾಗಿರುವುದಿಲ್ಲ, ಕೊನೆಯ ಸ್ಲಾಟಿನವರಿಗೆ ದಾರಿಯಲ್ಲಿ ಏನಾದರೂ ಆದರೆ ಸರಿಪಡಿಸಿಕೊಳ್ಳಲು ಸಮಯವಿರುವುದಿಲ್ಲ. ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿದ್ದರೂ ಒಂದು ಪ್ರಿಂಟ್ ಇರಲಿ.

ದೇಶದೊಳಗಿನ ಪ್ರಯಾಣಕ್ಕೆ ಫೋಟೊ ಇರುವ ಸರಕಾರಿ ಗುರುತಿನ ಚೀಟಿಯ ಮೂಲಪ್ರತಿ ಬೇಕು, ಮಕ್ಕಳದ್ದೂ ಬೇಕು. ವಿದೇಶಿ ಪ್ರಯಾಣಕ್ಕೆ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಇಲ್ಲಿ ಜನ ಎಡವುವುದು ವೀಸಾದಲ್ಲಿ. ಸಿಂಗಾಪುರದಲ್ಲಿ ಹತ್ತಿ ಮಲೇಶಿಯಾ ನೋಡಿ ಸಿಂಗಾಪುರಕ್ಕೇ ಬಂದು ಇಳಿದರೆ ಅದು ಎರಡನೆಯ ಪ್ರವೇಶ. ದುಬೈಯಿಂದ ಮಸ್ಕತ್‌ಗೆ ಹೋಗಿ ದುಬೈಗೆ ಬಂದರೂ ಹಾಗೆಯೇ. ಒಂದೇ ಬಾರಿ ಪ್ರವೇಶದ ವೀಸಾ ಹಿಡಿದವರನ್ನು ಹತ್ತುವಾಗಲೇ ತಡೆಯುತ್ತಾರೆ, ಏಕೆಂದರೆ ಅವರು ಮರಳಿ ಇಳಿಯಲಾರರು. ಹಾಗಾಗಿ ವೀಸಾದ ಮೇಲೆ ‘ಮಲ್ಟಿಪಲ್ ಎಂಟ್ರಿ’ ಎಂದು ಇರುವುದನ್ನು ಕಣ್ಣಾರೆ ನೋಡಿಕೊಳ್ಳಿ. ಇನ್ನೊಂದು: ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಇರುವವರು ನಮ್ಮಲ್ಲಿ ತುಂಬ ಮಂದಿ. ಅಂಥವರಿಗೆ ಯುಎಇ ಪ್ರವಾಸಿ ವೀಸಾದಲ್ಲಿ 2022ರ ನವೆಂಬರಿನಿಂದ ನಿರ್ಬಂಧಗಳಿವೆ. ಕ್ರೂಸ್ ಟಿಕೆಟಿಗೆ ದುಡ್ಡು ಕಟ್ಟುವ ಮೊದಲೇ ಇದನ್ನು ಏಜೆಂಟರ ಬಳಿ ಇತ್ಯರ್ಥ ಮಾಡಿಕೊಳ್ಳಬೇಕು.

ಸಿಂಗಾಪುರಕ್ಕೆ ಹೋಗುವವರು ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಅರೈವಲ್ ಕಾರ್ಡ್ (ಆ ದೇಶ ಪ್ರವೇಶಿಸುವವರು ಆನ್‌ಲೈನ್‌ನಲ್ಲಿ ಕೊಡುವ ವಿವರ) ತುಂಬಬೇಕು; ಹಡಗಿನಲ್ಲಿ ಮರಳುವಾಗ ಇನ್ನೊಮ್ಮೆ ತುಂಬಬೇಕು. ಇದು ಉಚಿತ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಕಾಣುವ, ಇದಕ್ಕೆ ಡಾಲರ್ ಕೇಳುವ ಜಾಲತಾಣಗಳ ಕಡೆ ಹೋಗಲೇಬೇಡಿ.

ಹಿಂದಿನ ದಿನವೇ ತಲುಪಿ

ಮಧ್ಯಾಹ್ನ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ರೈಲು ಮರುದಿನ ಬೆಳಿಗ್ಗೆ ಮುಂಬಯಿಯ ಕುರ್ಲಾ ಮುಟ್ಟುತ್ತದೆ, ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ಗೆ ಟ್ಯಾಕ್ಸಿ ಹಿಡಿದರಾಯಿತು ಎಂಬ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಕೊಂಕಣ ರೈಲ್ವೆಯದು ಬಹುಪಾಲು ಒಂಟಿ ಹಳಿ, ಒಂದು ಗಾಡಿ ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಹಡಗು ಹೊರಡುವುದಕ್ಕೆ ಒಂದೂವರೆ-ಎರಡು ಗಂಟೆ ಮೊದಲೇ ಚೆಕ್-ಇನ್ ಮುಚ್ಚುತ್ತದೆ, ಏಕೆಂದರೆ ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಅಧಿಕಾರಿಗಳಿಗೆ ಒಪ್ಪಿಸದೆ ಹಡಗು ಬಿಡುವಂತಿಲ್ಲ. ಗೇಟಿನಲ್ಲಿ ಗೋಗರೆದರೂ ಪ್ರಯೋಜನವಿಲ್ಲ. ಟಿಕೆಟಿನ ಹಣವೂ ಸಾಮಾನ್ಯವಾಗಿ ಮರಳುವುದಿಲ್ಲ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಅದರ ಮುಂದೆ ಏನೂ ಅಲ್ಲ.

ಎರಡು ಚೀಲದ ಲೆಕ್ಕ

ವಿಮಾನದ ರೂಢಿ ಇದ್ದವರಿಗೆ ಗೊತ್ತಿಲ್ಲದ ಸಂಗತಿ ಇದು. ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸ್ ನಿಮಗೆ ಮತ್ತೆ ಸಿಗುವುದು ನಿಮ್ಮ ಕ್ಯಾಬಿನ್ನಿನ ಬಾಗಿಲಲ್ಲಿ, ಅದೂ ಸಂಜೆ, ಕೆಲವೊಮ್ಮೆ ರಾತ್ರಿ ಊಟದ ನಂತರ. ಸಾವಿರಾರು ಪೆಟ್ಟಿಗೆಗಳು ಎಕ್ಸ್‌ರೇ ದಾಟಿ, ಡೆಕ್ ಪ್ರಕಾರ ಬೇರ್ಪಟ್ಟು, ಟ್ರಾಲಿಗಳಲ್ಲಿ ಏರಿ ಬರಬೇಕಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟದ್ದು ಸಂಜೆ ಆರಕ್ಕೆ ಬಂದರೆ ಅದು ಸರಿಯಾದ ಸಮಯವೇ. ಅಷ್ಟು ಹೊತ್ತು ನಿಮ್ಮ ಬಳಿ ಇರುವುದು ಕೈಚೀಲ ಮಾತ್ರ.

ಆದ್ದರಿಂದ ಕೈಚೀಲಕ್ಕೆ ಮೊದಲು ಹಾಕಬೇಕಾದ್ದು ಔಷಧ. ಎರಡು ದಿನಕ್ಕಾಗುವಷ್ಟಲ್ಲ, ಇಡೀ ಪ್ರಯಾಣದ್ದು. ಮಾತ್ರೆಗಳನ್ನು ಸ್ಟ್ರಿಪ್‌ನಲ್ಲೇ ಇಡಿ, ಡಬ್ಬಿಗೆ ಸುರಿಯಬೇಡಿ. ವೈದ್ಯರ ಚೀಟಿ ಜೊತೆಗಿರಲಿ. ಇನ್ಸುಲಿನ್, ಕನ್ನಡಕ, ಕಿವಿಯ ಯಂತ್ರ, ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಕಾರ್ಡುಗಳು, ಚಿನ್ನ, ಚಾರ್ಜರ್, ಪವರ್ ಬ್ಯಾಂಕ್. ಪವರ್ ಬ್ಯಾಂಕ್ ಸೂಟ್‌ಕೇಸಿಗೆ ಹಾಕಿದರೆ ವಿಮಾನದಲ್ಲೂ ತೊಂದರೆ, ಹಡಗಿನಲ್ಲೂ ತೊಂದರೆ. ಒಂದು ಜೊತೆ ಬಟ್ಟೆ, ಈಜುವ ಮನಸ್ಸಿದ್ದರೆ ಅದರ ಬಟ್ಟೆಯೂ ಇಲ್ಲೇ ಇರಲಿ. ಮೊದಲ ಮಧ್ಯಾಹ್ನ ಹೆಚ್ಚಿನವರು ಊಟಕ್ಕೆ ಹೋಗಿರುವುದರಿಂದ ಈಜುಕೊಳ ಖಾಲಿ ಇರುತ್ತದೆ. ಮಗು ಇದ್ದರೆ ಅದರ ಹಾಲಿನ ಪುಡಿ, ಡಯಾಪರ್. ಇದೆಲ್ಲ ಬೆನ್ನಿಗೆ ಹಾಕುವ ಚೀಲದಲ್ಲಿ ಐದಾರು ಕಿಲೋ ಮೀರಬಾರದು, ಮೂರು ಗಂಟೆ ಹೊತ್ತುಕೊಂಡೇ ತಿರುಗಬೇಕು. ಸಣ್ಣ ಟ್ರಾಲಿ ಬೇಡವೇ ಬೇಡ. ಬಫೆ ಸಾಲಿನಲ್ಲಿ ತಟ್ಟೆ ಹಿಡಿದು ಟ್ರಾಲಿ ಎಳೆಯಲು ಆಗುವುದಿಲ್ಲ.

ಸೂಟ್‌ಕೇಸಿನಲ್ಲಿ ಏನಿರಬಾರದು ಎಂಬುದು ಇದಕ್ಕಿಂತ ಮುಖ್ಯ. ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗದು ಎಂದು ಸಣ್ಣ ರೈಸ್ ಕುಕ್ಕರ್, ಕಾಫಿಗೆಂದು ಕೆಟಲ್, ಇಸ್ತ್ರಿಪೆಟ್ಟಿಗೆ, ಬೆಳಗಿನ ಪೂಜೆಗೆ ಊದುಬತ್ತಿ, ಕರ್ಪೂರ, ದೀಪ, ಬೆಂಕಿಪೊಟ್ಟಣ: ಇವೆಲ್ಲ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತವೆ. ಬಿಸಿಯಾಗುವುದು, ಉರಿಯುವುದು ಯಾವುದೂ ಕ್ಯಾಬಿನ್ನಿಗೆ ಹೋಗುವಂತಿಲ್ಲ. ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಹೊರಗಿನಿಂದ ಅಗ್ನಿಶಾಮಕ ದಳ ಬರುವುದಿಲ್ಲ, ಹಡಗಿನವರೇ ಆರಿಸಬೇಕು. ನಿಯಮದ ಬಿಗಿ ಅದಕ್ಕಾಗಿ. ದೇವರ ಫೋಟೊ, ಗಂಧ, ಕುಂಕುಮಕ್ಕೆ ಅಡ್ಡಿಯಿಲ್ಲ. ದೀಪವನ್ನು ಮನೆಗೆ ಬಂದ ಮೇಲೆ ಹಚ್ಚಿ.

ಎಕ್ಸ್‌ಟೆನ್ಷನ್ ಬೋರ್ಡ್ ವಿಷಯದಲ್ಲೂ ಜನ ವಾದ ಮಾಡುತ್ತಾರೆ. ಮನೆಯ ವಿದ್ಯುತ್ ಜೋಡಣೆಯಲ್ಲಿ ಒಂದು ತಂತಿ ಭೂಮಿಗೆ ಸೇರಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಮನೆಗೆಂದು ಮಾಡಿದ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಭಾಗ) ಅಲ್ಲಿ ಕಾದು ಹೊತ್ತಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ‘ಟ್ರಾವೆಲ್’ ಎಂದು ಬರೆದು ಮಾರುವ ಬೋರ್ಡುಗಳಲ್ಲೂ ಒಳಗೆ ಸರ್ಜ್ ಪ್ರೊಟೆಕ್ಟರ್ ಇರಬಹುದು, ನಂಬಿ ಕೊಳ್ಳಬೇಡಿ. ನಾಲ್ಕು ಯುಎಸ್‌ಬಿ ಕಿಂಡಿಯ ಒಂದು ಚಾರ್ಜರ್, ಒಂದು ಅಡಾಪ್ಟರ್ ಸಾಕು.

ತಿಂಡಿಯ ಮಾತು. ಮನೆಯಲ್ಲಿ ಕರಿದ ಮೀನು, ಚಟ್ನಿ, ಬುತ್ತಿ ಯಾವುದೂ ಒಳಗೆ ಬಿಡುವುದಿಲ್ಲ. ಆಹಾರದಿಂದ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಹಡಗಿನಲ್ಲಿ ಅದು ನೂರು ಜನಕ್ಕೆ ಹರಡುತ್ತದೆ. ಅಂಗಡಿಯ ಮೊಹರು ಒಡೆಯದ ಪ್ಯಾಕೆಟನ್ನು ಹಲವು ಹಡಗುಗಳು ಬಿಡುತ್ತವೆ, ಕೆಲವು ಅದನ್ನೂ ಬಿಡುವುದಿಲ್ಲ. ನಿಮ್ಮ ಹಡಗಿನ ಪಟ್ಟಿ ಓದಿ. ವಿಮಾನದಲ್ಲಿ ಹೋಗುವವರು ಒಣಕೊಬ್ಬರಿ ಮನೆಯಲ್ಲೇ ಬಿಡಿ, ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ಅದಕ್ಕೆ ನಿಷೇಧವಿದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಹತ್ತಿದ ಮೇಲೆ ಹೇಳುವುದಲ್ಲ, ಬುಕಿಂಗ್ ಮಾಡುವಾಗಲೇ ಬರೆಸಬೇಕು, ಮೊದಲ ರಾತ್ರಿ ಊಟದ ಮೇಜಿನಲ್ಲಿ ಮತ್ತೊಮ್ಮೆ ಹೇಳಬೇಕು.

ಇಷ್ಟಾದ ಮೇಲೆ ಲಗೇಜ್ ಟ್ಯಾಗ್. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಗೆರೆಗಳ ಮೇಲೆ ಮಡಚಿ, ಇಡೀ ಟ್ಯಾಗಿಗೆ ಎರಡೂ ಕಡೆ ಪಾರದರ್ಶಕ ಟೇಪ್ ಅಂಟಿಸಿ, ಹಿಡಿಕೆಗೆ ಸುತ್ತಿ ಮೂರು ಸ್ಟೇಪಲ್ ಹೊಡೆಯಿರಿ. ಬರಿಯ ಕಾಗದ ಮಳೆಗೆ, ಬೆವರಿದ ಕೈಗೆ ಹರಿದುಹೋಗುತ್ತದೆ. ಹಳೆಯ ವಿಮಾನದ ಪಟ್ಟಿಗಳನ್ನು ಕಿತ್ತು ತೆಗೆಯಿರಿ. ಪೆಟ್ಟಿಗೆಯ ಒಳಗೂ ಹೆಸರು, ಕ್ಯಾಬಿನ್ ಸಂಖ್ಯೆ, ಮೊಬೈಲ್ ಸಂಖ್ಯೆ ಬರೆದ ಚೀಟಿ ಇಡಿ. ಮೇಲೆ ಟ್ಯಾಗ್ ಹೋದರೆ ಉಳಿಯುವ ಸಾಕ್ಷಿ ಅದೊಂದೇ.

ಟರ್ಮಿನಲ್ ಒಳಗೆ

ಭದ್ರತಾ ತಪಾಸಣೆ, ಕೌಂಟರ್, ಫೋಟೊ, ವಿದೇಶಕ್ಕಾದರೆ ಇಮಿಗ್ರೇಷನ್. ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ವಯಸ್ಸಾದವರಿಗೆ ಗಾಲಿಕುರ್ಚಿ ಬೇಕಿದ್ದರೆ ಮೊದಲೇ ತಿಳಿಸಿಡಿ, ಇಳಿಜಾರಿನ ದಾರಿ ಉದ್ದವಿರುತ್ತದೆ. ಪ್ರಯಾಣ ಮುಗಿಯುವುದರೊಳಗೆ ಇಪ್ಪತ್ತನಾಲ್ಕನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನು ಬಹುತೇಕ ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ.

ಕೌಂಟರಿನಲ್ಲಿ ಒಂದು ಕಾರ್ಡ್ ಕೇಳುತ್ತಾರೆ. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಖರ್ಚೆಲ್ಲ ನಿಮ್ಮ ಖಾತೆಗೆ ಬರೆದು ಕೊನೆಗೆ ಕಾರ್ಡಿನಿಂದ ಹಿಡಿಯುತ್ತಾರೆ, ಮೊದಲೇ ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಇಲ್ಲಿ ಕ್ರೆಡಿಟ್ ಕಾರ್ಡನ್ನೇ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಉಳಿತಾಯ ಖಾತೆಯ ನಿಜವಾದ ಹಣವೇ ಸಿಕ್ಕಿಕೊಳ್ಳುತ್ತದೆ, ಪ್ರಯಾಣ ಮುಗಿದು ಎಷ್ಟೋ ದಿನದ ಮೇಲೆ ಬಿಡುಗಡೆಯಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಮನೆಯಲ್ಲೇ ಆನ್ ಮಾಡಿಕೊಳ್ಳಿ. ಕೌಂಟರಿನ ಮುಂದೆ ನಿಂತು ಒಟಿಪಿಗಾಗಿ ಕಾಯುವವರ ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ.

ಕೆಲವು ಹಡಗುಗಳು ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತವೆ. ಗಾಬರಿ ಬೇಡ, ಮುಂದಿನ ಬಂದರುಗಳ ಇಮಿಗ್ರೇಷನ್ ಕೆಲಸಕ್ಕಾಗಿ ಅದು. ರಸೀದಿ ಪಡೆಯಿರಿ, ಜೆರಾಕ್ಸ್ ನಿಮ್ಮ ಬಳಿ ಇರಲಿ. ಬದಲಿಗೆ ಸಿಗುವ ಹಡಗಿನ ಕಾರ್ಡೇ ಇನ್ನು ಮುಂದೆ ನಿಮ್ಮ ಕೀಲಿ, ಪರ್ಸ್, ಗುರುತಿನ ಚೀಟಿ.

ಹತ್ತಿದ ಮೇಲೆ

ಎಲ್ಲರೂ ನೇರವಾಗಿ ಮೇಲಿನ ಡೆಕ್ಕಿನ ಬಫೆಗೆ ಓಡುತ್ತಾರೆ. ಕೆಳಗಿನ ದೊಡ್ಡ ಊಟದ ಹಾಲ್ ತೆರೆದಿದೆಯೇ ಎಂದು ಸಿಬ್ಬಂದಿಯನ್ನು ಕೇಳಿ. ತೆರೆದಿದ್ದರೆ ಅಲ್ಲಿ ಕೂತು ಉಣ್ಣಬಹುದು. ಕ್ಯಾಬಿನ್ ಸಾಮಾನ್ಯವಾಗಿ ಒಂದೂವರೆ-ಎರಡರ ಹೊತ್ತಿಗೆ ಸಿಗುತ್ತದೆ. ತಲೆಸುತ್ತುವವರು ವೈದ್ಯರು ಹೇಳಿದ ಮಾತ್ರೆಯನ್ನು ಹಡಗು ಅಲುಗುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ದಾಟಿದ ಮೇಲೆ ಅದು ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಳ್ಳುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ.

ಮಸ್ಟರ್ ಡ್ರಿಲ್ ತಪ್ಪಿಸಬೇಡಿ. ಅಪಾಯದಲ್ಲಿ ಎಲ್ಲಿ ಸೇರಬೇಕು ಎಂಬ ತಾಲೀಮು ಇದು. ಸೇರುವ ಜಾಗದ ಅಕ್ಷರ ನಿಮ್ಮ ಕಾರ್ಡಿನ ಮೇಲಿರುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ದಿನ ಹತ್ತಿದ ನೂರಾರು ಜನರಿಗೆ ಈ ತಾಲೀಮು ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಎನ್ನುತ್ತಿತ್ತು. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಏಳು ಅಥವಾ ಹೆಚ್ಚು ಗಿಡ್ಡ ಸದ್ದು, ಬಳಿಕ ಒಂದು ಉದ್ದ ಸದ್ದು: ಇದೇ ಅಪಾಯದ ಸಂಕೇತ. ಕೆಲವು ಹಡಗುಗಳಲ್ಲಿ ಕ್ಯಾಬಿನ್ ಟಿವಿಯಲ್ಲಿ ವಿಡಿಯೊ ನೋಡಿ, ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಹೋಗುವಾಗ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಹೋಗಿ. ನಿಜವಾದ ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ, ದಾರಿ ಕಾಲಿಗೆ ಪರಿಚಯವಾಗಿರಲಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿದೆ ಎಂದು ಅಂದೇ ಕೇಳಿಟ್ಟುಕೊಳ್ಳಿ.

ರಾತ್ರಿ ಒಂಬತ್ತಾದರೂ ಸೂಟ್‌ಕೇಸ್ ಬರದಿದ್ದರೆ ಮೊದಲು ನಿಮ್ಮ ಕಾರಿಡಾರಿನ ಎರಡೂ ತುದಿ ನೋಡಿ, ಪಕ್ಕದ ಬಾಗಿಲಲ್ಲಿ ಇಟ್ಟು ಹೋಗಿರಬಹುದು. ಇಲ್ಲವಾದರೆ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಟ್ಯಾಗ್ ಕಳಚಿದ ಪೆಟ್ಟಿಗೆಗಳನ್ನು ಎಲ್ಲಿಟ್ಟಿದ್ದೀರಿ, ಭದ್ರತೆಯವರು ತಡೆಹಿಡಿದವು ಎಲ್ಲಿವೆ. ಎರಡನೆಯ ಕೋಣೆಯಲ್ಲಿ ಸಿಕ್ಕಿದರೆ ಅವರ ಎದುರಿಗೇ ನೀವೇ ತೆರೆಯಬೇಕು, ಬೀಗದ ಕೈ ಜೊತೆಗೆ ಒಯ್ಯಿರಿ. ಕುಕ್ಕರೋ ಇಸ್ತ್ರಿಪೆಟ್ಟಿಗೆಯೋ ತೆಗೆದಿಟ್ಟರೆ ರಸೀದಿ ಕೇಳಿ ಪಡೆಯಿರಿ. ಇಳಿಯುವ ದಿನ ಅದನ್ನು ತೋರಿಸಿ ವಾಪಸು ಪಡೆಯಬಹುದು.