ಸೋತವರ ಲೆಕ್ಕ ಹಿಡಿದು ಎಸ್‌ಇಸಿ ಟೂರ್ನಿಯ ಇತಿಹಾಸ ಕಟ್ಟಿದ ಬಗೆ: ನನ್ನ ಅನುಭವ

ಅಂತೂ ಲೆಕ್ಕ ತಾಳೆಯಾಯಿತು. ಅಮೆರಿಕದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ ಅನ್ನೋ ಒಕ್ಕೂಟದ ಕಾಲೇಜುಗಳ ಬೇಸ್‌ಬಾಲ್ ಟೂರ್ನಿಗೆ 1977ರಿಂದ 2025ರವರೆಗೆ ಪಂದ್ಯಕ್ಕೊಂದು ಸಾಲಿನಂತೆ ಪಟ್ಟಿ ಸಿದ್ಧವಾಗಿದೆ. ಯಾವ ದಿನ, ಯಾರ ಮೇಲೆ ಯಾರು, ಎಷ್ಟಕ್ಕೆ ಎಷ್ಟು, ಸೋತವರು ಹೊರಬಿದ್ದರೋ ಉಳಿದರೋ, ಎಲ್ಲ ಅದರಲ್ಲಿದೆ. "ಇದು ಆಗೋ ಮಾತಲ್ಲ" ಅಂದವರು ನಮ್ಮ ಕ್ರಿಕೆಟ್ ಸ್ಕೋರರ್ ಬಳಗದಲ್ಲೇ ಸಾಕಷ್ಟು ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಲೀಗ್ ಪಂದ್ಯಗಳಿಗೆ ನನ್ನ ಪಕ್ಕ ಕೂತು ಬರೆಯುತ್ತಿದ್ದ ಹಿರಿಯರೊಬ್ಬರು ಫೋನಿನಲ್ಲಿ, "ಏನಪ್ಪಾ, ಗೆದ್ದೋರ ಪಟ್ಟಿ ಹೇಗೂ ಸಿಗುತ್ತೆ. ನಲವತ್ತು ವರ್ಷದ ಹಳೇ ಪೇಪರ್ ಕೆದಕಿ ನಿನಗೇನು ಸಿಗಬೇಕು?" ಅಂದಿದ್ದರು. ಸಿಕ್ಕಿದ್ದೇನು ಅಂತ ಮುಂದೆ ಹೇಳುತ್ತೇನೆ ಸಾರ್.

ಕೆಲಸದ ಮೇಲೆ ಅಲಬಾಮಾಗೆ ಬಂದು ಮನೆ ಮಾಡಿದ್ದು ಹೂವರ್ ಊರಲ್ಲಿ. ಟೂರ್ನಿ 1998ರಿಂದ ಬೀಡು ಬಿಟ್ಟಿರುವುದು ಇಲ್ಲಿನ ಹೂವರ್ ಮೆಟ್ರೋಪಾಲಿಟನ್ ಸ್ಟೇಡಿಯಂನಲ್ಲೇ. ಕೋವಿಡ್‌ನಿಂದ ರದ್ದಾದ 2020 ಬಿಟ್ಟರೆ ಒಂದು ವರ್ಷವೂ ತಪ್ಪಿಲ್ಲ. 1988ರಲ್ಲಿ ಪಕ್ಕದ ಬರ್ಮಿಂಗ್‌ಹ್ಯಾಮ್ ನಗರದ ಬ್ಯಾರನ್ಸ್ ಅನ್ನೋ ವೃತ್ತಿಪರ ಬೇಸ್‌ಬಾಲ್ ತಂಡಕ್ಕಾಗಿ ಕಟ್ಟಿದ ಮೈದಾನ ಇದು. 1994ರಲ್ಲಿ ಮೈಕಲ್ ಜೋರ್ಡನ್ ಬ್ಯಾಸ್ಕೆಟ್‌ಬಾಲ್ ಬಿಟ್ಟು ಬ್ಯಾಟ್ ಹಿಡಿದದ್ದೂ ಇಲ್ಲೇ. 2013ಕ್ಕೆ ಬ್ಯಾರನ್ಸ್ ಬರ್ಮಿಂಗ್‌ಹ್ಯಾಮ್ ಊರೊಳಗಿನ ಹೊಸ ಮೈದಾನಕ್ಕೆ ಹೋದರು, ಮೇ ಕೊನೆಯ ಈ ಕಾಲೇಜು ಜಾತ್ರೆ ಮಾತ್ರ ಇಲ್ಲೇ ಉಳಿಯಿತು.

ಮೊದಲು ಎಲ್ಲರಂತೆ ನಾನೂ ಗೆದ್ದವರಿಂದ ಶುರು ಮಾಡಿದೆ. ಚಾಂಪಿಯನ್ ಹೆಸರು ಹಾಕಿ, ಫೈನಲ್‌ನಿಂದ ಹಿಂದಕ್ಕೆ ಪಂದ್ಯ ಜೋಡಿಸುತ್ತಾ ಹೋಗುವುದು. ಡಬಲ್ ಎಲಿಮಿನೇಷನ್‌ನಲ್ಲಿ, ಅಂದರೆ ಎರಡು ಸಲ ಸೋತರೆ ಮಾತ್ರ ಹೊರಬೀಳುವ ಪದ್ಧತಿಯಲ್ಲಿ, ಇದು ಎರಡನೇ ದಿನಕ್ಕೇ ಕೈಕೊಡುತ್ತದೆ, ಯಾಕೆಂದರೆ ಒಮ್ಮೆ ಸೋತ ತಂಡ ಹಿಂಬಾಗಿಲಿನಿಂದ ಒಳಗೆ ಬಂದಿರುತ್ತದೆ. ಗೆದ್ದ ಊರಿನ ಪತ್ರಿಕೆಯೋ ಸಂಭ್ರಮದಲ್ಲಿ ನಡುವಿನ ಪಂದ್ಯಗಳನ್ನೆಲ್ಲ ಒಂದೇ ವಾಕ್ಯದಲ್ಲಿ ನುಂಗಿಬಿಟ್ಟಿರುತ್ತದೆ.

ಆಮೇಲೆ ದುಡ್ಡು ಸುರಿದೆ. ಹಳೇ ಪತ್ರಿಕೆಗಳ ಆನ್‌ಲೈನ್ ಸಂಗ್ರಹಕ್ಕೆ ವರ್ಷಕ್ಕೆ ಇನ್ನೂರು ಡಾಲರ್ ಹತ್ತಿರ ಚಂದಾ. ಹಳೇ ಮೀಡಿಯಾ ಗೈಡ್ (ಪತ್ರಕರ್ತರಿಗೆ ತಂಡಗಳು ಹಂಚುವ ಮಾಹಿತಿ ಪುಸ್ತಕ), ಟೂರ್ನಿ ಪುಸ್ತಿಕೆಗಳು ಹರಾಜಿನಲ್ಲಿ ಒಂದೊಂದೂ ಇಪ್ಪತ್ತು, ಮೂವತ್ತು. ಒಂದಕ್ಕಂತೂ ಅರವತ್ತು ಕೊಟ್ಟೆ ಅಂತ ಕಾಣುತ್ತೆ, ಅದರಲ್ಲಿದ್ದದ್ದು ಬರೀ ಆಟಗಾರರ ಫೋಟೋ ಮತ್ತು ಟೈರ್ ಅಂಗಡಿ ಜಾಹೀರಾತು. ಚಿತ್ರದಿಂದ ಅಕ್ಷರ ತೆಗೆದುಕೊಡುವ ಸೇವೆಯೊಂದಕ್ಕೆ ಮುನ್ನೂರು ಚಿಲ್ಲರೆ ಕಟ್ಟಿದೆ. ಮೈಕ್ರೋಫಿಲ್ಮ್‌ನ ಇರುವೆ ಸಾಲಿನಂಥ ಅಂಕಿಗಳಲ್ಲಿ ಅದಕ್ಕೆ 3, 6, 8 ಮೂರೂ ಒಂದೇ. ಎರಡು ಕಾಲಂ ಬೆರೆಸಿ ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಒಬ್ಬ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, 14 ಇನ್ನಿಂಗ್ಸ್ ಬರೆದುಕೊಟ್ಟಿತು. ದುಡ್ಡು ವಾಪಸ್ ಕೇಳಿದರೆ ಮುಂದಿನ ಸಲಕ್ಕೆ ರಿಯಾಯಿತಿ ಕೂಪನ್ ಕಳಿಸಿದರು! ಎಲ್ಲ ಸೇರಿ ಕೈಬಿಟ್ಟದ್ದು ಎರಡು ಸಾವಿರ ಡಾಲರ್ ಆಸುಪಾಸು. ಮನೆಯಲ್ಲಿ ಹೇಳಿರುವುದು ಅದರ ಅರ್ಧ.

ದಾರಿ ತೆರೆದದ್ದು ನಮ್ಮ ಕ್ರಿಕೆಟ್ ಸ್ಕೋರಿಂಗಿನ ಅಭ್ಯಾಸದಿಂದ. ಬ್ಯಾಟ್ಸ್‌ಮನ್ನರ ರನ್ ಜೊತೆ ಎಕ್ಸ್‌ಟ್ರಾ ಕೂಡಿದರೆ ಒಟ್ಟು ಮೊತ್ತ, ಬೌಲರ್‌ಗಳ ಕಡೆಯಿಂದ ಕೂಡಿದರೂ ಅಷ್ಟೇ ಬರಬೇಕು, ಬರದೆ ಪುಸ್ತಕ ಮುಚ್ಚುವ ಹಾಗಿಲ್ಲ. ಹಾಗಾದರೆ ಟೂರ್ನಿಗೂ ಅಂಥದ್ದೊಂದು ಲೆಕ್ಕ ಇರಲೇಬೇಕಲ್ಲ? ಇದೆ. ಪ್ರತಿ ಪಂದ್ಯದಿಂದ ಒಂದೇ ಸೋಲು ಹುಟ್ಟುತ್ತದೆ. ಪೂರ್ತಿ ಡಬಲ್ ಎಲಿಮಿನೇಷನ್ ನಡೆದರೆ ಚಾಂಪಿಯನ್ ಬಿಟ್ಟು ಉಳಿದವರೆಲ್ಲ ಎರಡೆರಡು ಸೋಲು ಹೊತ್ತು ಹೋಗುತ್ತಾರೆ, ಚಾಂಪಿಯನ್‌ಗೆ ಸೊನ್ನೆ ಅಥವಾ ಒಂದು. ನಾಲ್ಕು ತಂಡ ಇದ್ದ ಮೊದಲ ವರ್ಷಗಳಿಗೆ 6 ಅಥವಾ 7 ಪಂದ್ಯ, ಆರು ತಂಡಕ್ಕೆ 10 ಅಥವಾ 11, ಎಂಟಕ್ಕೆ 14 ಅಥವಾ 15. ಪ್ರತಿ ತಂಡದ ಮುಂದೆ ಎರಡು ಖಾಲಿ ಮನೆ ಬರೆದು, ಸೋಲು ಸಿಕ್ಕಂತೆ ತುಂಬುತ್ತಾ ಹೋದೆ.

ಸೋಲು ಹುಡುಕುವುದು ಸೋತ ಊರಿನ ಪತ್ರಿಕೆಯಲ್ಲಿ. ತಂಡ ಮನೆಗೆ ಬಂದ ದಿನ ಅಲ್ಲಿನ ವರದಿಗಾರ ಮೊನ್ನೆ ಯಾರಿಗೆ ಸೋತೆವು, ನಿನ್ನೆ ಯಾರಿಗೆ ಸೋತೆವು ಅಂತ ಒಂದೂ ಬಿಡದೆ ಬರೆದಿರುತ್ತಾನೆ. ಜಾಕ್ಸನ್, ಬ್ಯಾಟನ್ ರೂಜ್, ನಾಕ್ಸ್‌ವಿಲ್ ಪತ್ರಿಕೆಗಳು ನನಗೆ ಬರ್ಮಿಂಗ್‌ಹ್ಯಾಮ್ ಪತ್ರಿಕೆಗಿಂತ ಹೆಚ್ಚು ಕೊಟ್ಟವು. ಒಂದು ತೊಡಕಿದೆ. ಎನ್‌ಸಿಎಎ ರೀಜನಲ್‌ಗೆ (ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಮೊದಲ ಹಂತಕ್ಕೆ) ಹೋಗುವುದು ಖಚಿತವಿದ್ದ ತಂಡವಾದರೆ ಸೋಲಿನ ಸುದ್ದಿ ಎರಡೇ ಸಾಲಿಗೆ ಇಳಿದಿರುತ್ತದೆ, ಎಲ್ಲರ ಕಣ್ಣೂ ಮುಂದಿನ ವಾರದ ಮೇಲೆ. ಆಗ ರಾತ್ರಿ ಪಂದ್ಯಗಳನ್ನು ಮಾರನೇ ದಿನದ ಸಂಜೆ ಪತ್ರಿಕೆಯಲ್ಲಿ ನೋಡಬೇಕು. ಬೆಳಗಿನ ಪತ್ರಿಕೆ ಅಚ್ಚಿಗೆ ಹೋಗುವಾಗ ಆಟ ಇನ್ನೂ ನಡೆಯುತ್ತಿರುತ್ತಿತ್ತು. ಯಾವ ಊರಿನ ಯಾವ ಸಂಜೆ ಪತ್ರಿಕೆ ಅಂತ ಇಲ್ಲಿ ಹೇಳುವುದಿಲ್ಲ, ಅದಕ್ಕೆ ನಾನು ಬಹಳ ಬೆವರು ಸುರಿಸಿದ್ದೇನೆ.

ಮಸುಕಾದ ಬಾಕ್ಸ್ ಸ್ಕೋರ್, ಅಂದರೆ ಪತ್ರಿಕೆಯಲ್ಲಿ ಬರುವ ಪಂದ್ಯದ ಅಂಕಿಪಟ್ಟಿ, ಸರಿಪಡಿಸುವುದು ನಿಮಗೆ ಗೊತ್ತಿರುವ ತಾಳೆಯಿಂದಲೇ. ಒಂದು ತಂಡದ ಅಟ್ ಬ್ಯಾಟ್ (ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿ), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್), ಚೆಂಡು ತಾಗಿದ್ದು, ಸ್ಯಾಕ್ರಿಫೈಸ್ (ತಾನು ಔಟಾಗಿ ಜೊತೆಯವನನ್ನು ಮುಂದೆ ಕಳಿಸುವ ಹೊಡೆತ) ಕೂಡಿ. ಆ ಕಡೆ ಅವರ ರನ್, ಬೇಸ್‌ನಲ್ಲಿ ಉಳಿದವರು, ಎದುರಾಳಿಯ ಪುಟ್‌ಔಟ್ (ಅವರು ಮಾಡಿದ ಔಟ್‌ಗಳು) ಕೂಡಿ. 36, 4, 1, 1 ಸೇರಿ 42 ಅಂದುಕೊಳ್ಳಿ. ರನ್ 6, ಪುಟ್‌ಔಟ್ 27 (ಒಂಬತ್ತು ಇನ್ನಿಂಗ್ಸ್‌ಗೆ ಮೂರರಂತೆ) ಆದರೆ ಬೇಸ್‌ನಲ್ಲಿ ಉಳಿದವರು 9 ಇರಲೇಬೇಕು, ಫಿಲ್ಮಿನಲ್ಲಿ ಅಲ್ಲಿ ಶಾಯಿಯ ಕಲೆ ಇದ್ದರೂ ಸರಿ. ವಾಕ್ ಸಂಖ್ಯೆಯನ್ನು ಎದುರಾಳಿ ಪಿಚರ್‌ಗಳ ಸಾಲಿನಿಂದ ತೆಗೆಯಿರಿ. ಹತ್ತು ರನ್ ಅಂತರಕ್ಕೆ ಏಳನೇ ಇನ್ನಿಂಗ್ಸ್‌ನಲ್ಲೇ ಆಟ ಮುಗಿದಿದ್ದರೆ ಪುಟ್‌ಔಟ್ 27 ಅಂತ ಕಣ್ಣುಮುಚ್ಚಿ ಹಾಕುವ ಹಾಗಿಲ್ಲ. ಕೊನೆಯ ಸರದಿಯಲ್ಲಿ ಗೆದ್ದಿದ್ದರೆ ಬಾಕ್ಸ್ ಕೆಳಗೆ "ಗೆಲುವಿನ ರನ್ ಬಂದಾಗ ಒಬ್ಬ ಔಟ್" ಅಂತ ಸಣ್ಣಕ್ಷರದ ಟಿಪ್ಪಣಿ ಇರುತ್ತದೆ, ಅದನ್ನು ನೋಡದಿದ್ದರೆ ಲೆಕ್ಕ ಕೂಡುವುದೇ ಇಲ್ಲ.

ಮೊಂಡು ಹಿಡಿದದ್ದು 1990. ಸೋಲಿನ ಮನೆಗಳು ತುಂಬಲೇ ಇಲ್ಲ, ಯಾವ ಪತ್ರಿಕೆ ತಿರುವಿದರೂ ಅಷ್ಟೇ. ಕೊನೆಗೆ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಮಳೆಯಿಂದ ಆಟ ಮುಗಿಯದೆ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಮತ್ತು ಮಿಸಿಸಿಪ್ಪಿ ಸ್ಟೇಟ್ ಇಬ್ಬರನ್ನೂ ಜಂಟಿ ಚಾಂಪಿಯನ್ ಅಂತ ಘೋಷಿಸಿದ್ದರು. ನನ್ನ ವಿಧಾನದ ಮೇಲೆ ನನಗೇ ನಂಬಿಕೆ ಕೂತದ್ದು ಅಲ್ಲಿ. ಗೆದ್ದವರಿಂದ ಶುರು ಮಾಡಿದವನಿಗೆ ಇಲ್ಲೊಂದು ಪಂದ್ಯ ಕಡಿಮೆ ಅಂತ ತಿಳಿಯುವುದೇ ಇಲ್ಲ.

1993ರಿಂದ 1995 ಇನ್ನೊಂದು ಥರ. ಆ ಮೂರು ವರ್ಷ ಪೂರ್ವ, ಪಶ್ಚಿಮ ವಿಭಾಗಗಳಿಗೆ ಬೇರೆಬೇರೆ ಟೂರ್ನಿ. ಪೂರ್ವದಲ್ಲಿ ಮೂರೂ ಸಲ ಟೆನೆಸಿ. ಪಶ್ಚಿಮದಲ್ಲಿ ಎರಡು ಸಲ ಎಲ್‌ಎಸ್‌ಯು, ಆಮೇಲೆ ಅಲಬಾಮಾ. ಎಲ್‌ಎಸ್‌ಯು 12 ಸಲ ಗೆದ್ದಿದೆ ಅಂತ ಅವರ ಅಭಿಮಾನಿಗಳು ಎದೆ ತಟ್ಟಿಕೊಳ್ಳುತ್ತಾರಲ್ಲ, ಆ ಹನ್ನೆರಡರಲ್ಲಿ 1990ರ ಅರ್ಧ ಪಾಲೂ ಇದೆ, ಈ ಎರಡು ವಿಭಾಗದ ಪ್ರಶಸ್ತಿಗಳೂ ಇವೆ. ಇಡೀ ಕಾನ್ಫರೆನ್ಸ್ ಎದುರು ಒಂಟಿಯಾಗಿ ಗೆದ್ದದ್ದು 9. ಇದನ್ನು ಸ್ಟೇಡಿಯಂ ಪಕ್ಕದ ಆರ್‌ವಿ ಪಾರ್ಕಿನಲ್ಲಿ (ಮನೆಯಂಥ ದೊಡ್ಡ ಗಾಡಿಗಳು ಬೀಡುಬಿಡುವ ಜಾಗ), ಎಲ್‌ಎಸ್‌ಯು ಬಣ್ಣದ ನೇರಳೆ ಬಾವುಟ ಕಟ್ಟಿಕೊಂಡು ಮಾಂಸ ಸುಡುತ್ತಿದ್ದವರೊಬ್ಬರಿಗೆ ಹೇಳಿ ನೋಡಿದೆ. ಪ್ಲೇಟು ಕೈಗಿಟ್ಟು ಮಾತು ಬದಲಿಸಿದರು. ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇದೇ: ಗೆದ್ದವರ ಪಟ್ಟಿಯಲ್ಲಿ ಎಲ್ಲ ಪ್ರಶಸ್ತಿಯೂ ಒಂದೇ ತೂಕದ್ದಾಗಿ ಕಾಣುತ್ತದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕ್ರಿಕೆಟ್‌ನ ಲೀನಿಯರ್ ಶೀಟಿನಲ್ಲಿ ಬೇಸ್‌ಬಾಲ್ ಬರೆದರೆ ಹೇಗಿರುತ್ತದೆ ಅಂತ. ಎಡಗಡೆ ಗಡಿಯಾರ, ಒಂದೊಂದು ಎಸೆತಕ್ಕೂ ಒಂದು ಗುರುತು, ಪಿಚರ್ ಬದಲಾದರೆ ಬಣ್ಣ ಬದಲು. ಅದಕ್ಕೆ ಆರಿಸಿಕೊಂಡದ್ದು 2019ರ ಎಲ್‌ಎಸ್‌ಯು-ಮಿಸಿಸಿಪ್ಪಿ ಸ್ಟೇಟ್ ಪಂದ್ಯ! ಅದು 17 ಇನ್ನಿಂಗ್ಸ್ ಎಳೆದು, ಬೆಳಗಿನ ಜಾವ ಮೂರರ ಮೇಲೆ 6-5ಕ್ಕೆ ಮಿಸಿಸಿಪ್ಪಿ ಸ್ಟೇಟ್ ಗೆದ್ದಿತು. ಶೀಟು ಮುಗಿದು ನ್ಯಾಚೋ ರಟ್ಟಿನ ಹಿಂಬದಿಯಲ್ಲಿ ಬರೆದೆ. ಪಿಚರ್ ಸುಸ್ತಾದಾಗ ಎಸೆತಗಳ ನಡುವಿನ ಹೊತ್ತು ಹಿಗ್ಗುವುದು ಲೀನಿಯರ್‌ನಲ್ಲಿ ಕಣ್ಣಿಗೆ ರಾಚುತ್ತದೆ, ಮಾಮೂಲಿ ಬೇಸ್‌ಬಾಲ್ ಶೀಟಿನಲ್ಲಿ ಕಾಣುವುದಿಲ್ಲ. ಇತಿಹಾಸದ ಕೆಲಸಕ್ಕೆ ಇದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ, ಶೀಟು ಮಾತ್ರ ಜೋಪಾನವಾಗಿಟ್ಟಿದ್ದೇನೆ.

ಇತ್ತೀಚಿನ ವರ್ಷಗಳು ಸಲೀಸು. 2012ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್ ನ್ಯೂಸ್ ವಾರಕ್ಕೆ ಮೂರು ದಿನಕ್ಕಿಳಿಯಿತು, 2023ರಲ್ಲಿ ಅಚ್ಚು ಹಾಕುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಬಾಕ್ಸ್ ಸ್ಕೋರ್‌ಗಳೆಲ್ಲ ಆನ್‌ಲೈನ್ ಬಂದಿದ್ದವು. ಆದರೆ ಸೂತ್ರ ಬದಲಿಸಿಕೊಳ್ಳಬೇಕು. 2013ರಿಂದ 12 ತಂಡ, ಮೊದಲ ಸುತ್ತಿನಲ್ಲೂ ಸೆಮಿಫೈನಲ್‌ನಿಂದ ಮೇಲೂ ಒಂದೇ ಸೋಲಿಗೆ ಮನೆ, ನಡುವೆ ಡಬಲ್ ಎಲಿಮಿನೇಷನ್, ಒಟ್ಟು 17 ಪಂದ್ಯ. ಟೆಕ್ಸಸ್, ಒಕ್ಲಹೋಮಾ ತಂಡಗಳು ಎಸ್‌ಇಸಿಗೆ ಬಂದ ಮೇಲೆ 2025ಕ್ಕೆ 16 ತಂಡ, ಪೂರಾ ಸಿಂಗಲ್ ಎಲಿಮಿನೇಷನ್, 15 ಪಂದ್ಯ. ವ್ಯಾಂಡರ್‌ಬಿಲ್ಟ್ ಗೆದ್ದದ್ದು ಒಂದೇ ಸಂಜೆಯಲ್ಲಿ ಪಟ್ಟಿಗೆ ಸೇರಿತು. ನನ್ನ ಮಟ್ಟಿಗೆ ಹೇಳುವುದಾದರೆ ಈ ಹೊಸ ಪದ್ಧತಿ ಸಪ್ಪೆ. ಬೆಳಿಗ್ಗೆ ಸೋತವರು ಮಾರನೇ ದಿನ ಎದ್ದು ಬಂದು ಕಾಟ ಕೊಡುವ ಮಜಾ ಹೋಯಿತು.

ನೀವು ಬೇರೆ ಕಾನ್ಫರೆನ್ಸ್ ಹಿಡಿಯುವುದಾದರೆ ಮೀಡಿಯಾ ಗೈಡ್‌ಗೆ ದುಡ್ಡು ಹಾಕಬೇಡಿ. ಒಂದು ವರ್ಷದ ಪತ್ರಿಕೆ ಚಂದಾ, ಹತ್ತಿರದ ಗ್ರಂಥಾಲಯದ ಮೈಕ್ರೋಫಿಲ್ಮ್ ಯಂತ್ರ, ಪುಟಕ್ಕೆ ಕೆಲವು ಸೆಂಟ್‌ಗಳ ಪ್ರಿಂಟು ಸಾಕು, ನಾನೂರೈನೂರು ಡಾಲರ್ ಒಳಗೆ ಮುಗಿಯುತ್ತದೆ. ಖಾಲಿ ಮನೆಗಳ ಹಾಳೆಯ ನಮೂನೆ ಕೇಳಿದವರಿಗೆ ಕಳಿಸುತ್ತೇನೆ. ಸಂಜೆ ಪತ್ರಿಕೆಯ ಹೆಸರು ಮಾತ್ರ ಕೇಳಬೇಡಿ.