ತಮ್ಮನ ಫೈಲು: ಬೌದ್ಧಿಕ ಅಂಗವೈಕಲ್ಯ ಇರುವವರ ಮನೆಯವರು ಯಾವ ಕಾಗದ ಮೊದಲು ಮಾಡಿಸಬೇಕು

ನನ್ನ ತಮ್ಮನಿಗೆ ಈಗ 24 ವರ್ಷ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವನ ಕಾಗದಪತ್ರದ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಹೊಲಿಗೆ ಮಿಷನ್‌ಗೆ ಬಟ್ಟೆ ಮುಚ್ಚಿ ಎಷ್ಟು ದಿನ ತುಮಕೂರಿಗೆ ಹೋಗಿ ಬಂದೆನೋ ಲೆಕ್ಕವಿಲ್ಲ. ಅದರಲ್ಲಿ ಅರ್ಧ ಓಡಾಟ ಬೇಕೇ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರಾದರೂ ಹೇಳಿದ್ದರೆ ಸಾಕಿತ್ತು.

ಮೊದಲು ಬೇಕಾದದ್ದು ಅಂಗವೈಕಲ್ಯ ಸರ್ಟಿಫಿಕೇಟ್ ಮತ್ತು ಯು.ಡಿ.ಐ.ಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಇವೆರಡೂ ಇಲ್ಲದೆ ಪಿಂಚಣಿ, ಬಸ್ ಪಾಸ್, ವಿಮೆ ಯಾವುದರ ಹಿಂದೆಯೂ ಹೋಗಬೇಡಿ, ಸುಮ್ನೆ ವಾಪಸ್ ಕಳಿಸುತ್ತಾರೆ. ಎರಡಕ್ಕೂ ಅರ್ಜಿ ಒಂದೇ, ಸ್ವಾವಲಂಬನ್ ವೆಬ್‌ಸೈಟಿನಲ್ಲಿ. ಫೋಟೋ, ಆಧಾರ್, ವಿಳಾಸದ ದಾಖಲೆ ಇದ್ದರೆ ಆಗುತ್ತದೆ. ನಿಮಗೆ ಕಂಪ್ಯೂಟರ್ ಬರದಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ ವಿ.ಆರ್.ಡಬ್ಲ್ಯು. ಯಾರು ಅಂತ ಕೇಳಿ. ಅಂಗವಿಕಲರ ಕೆಲಸಕ್ಕೆಂದೇ ಪಂಚಾಯಿತಿಗೆ ಒಬ್ಬ ಕಾರ್ಯಕರ್ತರು ಇರುತ್ತಾರೆ, ಅವರ ಮೇಲೆ ತಾಲ್ಲೂಕಿಗೆ ಒಬ್ಬರು ಎಂ.ಆರ್.ಡಬ್ಲ್ಯು. ಇರುತ್ತಾರೆ. ನಮ್ಮ ಮನೆಯವರಿಗೆ ಇದು ಗೊತ್ತಾಗುವ ಹೊತ್ತಿಗೆ ತಮ್ಮನಿಗೆ ಹತ್ತು ವರ್ಷ ದಾಟಿತ್ತು.

ಅರ್ಜಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ. ಇನ್ನೊಂದು ಫೋನ್ ನಂಬರ್. ನಾವು ಅಪ್ಪನ ನಂಬರ್ ಕೊಟ್ಟಿದ್ದೆವು. ಅಪ್ಪ ಹೋದ ಮೇಲೆ ಸಿಮ್ ಬಂದ್ ಆಯಿತು, ಒಟಿಪಿ ಬರುವ ದಾರಿಯೇ ಇಲ್ಲ. ಅದನ್ನು ಬದಲಾಯಿಸಲು ಪಟ್ಟ ಪಾಡು ಬೇರೆಯವರಿಗೆ ಬೇಡ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. ಆಟಿಸಂ, ಕಲಿಕಾ ನ್ಯೂನತೆ ಇವೆಲ್ಲ ಹೊಸದಾಗಿ ಸೇರಿದವು. ಹಾಗಾಗಿ "ನಮ್ಮ ಮಗುವಿಗೆ ಕೈಕಾಲು ಸರಿಯಾಗೇ ಇದೆಯಲ್ಲ, ನಮಗೆ ಯಾರು ಕೊಡ್ತಾರೆ" ಅಂತ ಕೂರಬೇಡಿ. ಬಹುತೇಕ ಸೌಲಭ್ಯಗಳಿಗೆ ಅಂಗವೈಕಲ್ಯ ಶೇ 40 ಆದರೂ ಇರಬೇಕು.

ಈ ಶೇಕಡಾ ಹೇಗೆ ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾವು ಎಡವಿದ್ದು ಅಲ್ಲೇ. ಬುದ್ಧಿಮಟ್ಟದ ಪರೀಕ್ಷೆ ಒಂದು ಕಡೆ. ದಿನದ ಕೆಲಸ ಎಷ್ಟು ತಾನೇ ಮಾಡಿಕೊಳ್ಳುತ್ತಾನೆ ಅನ್ನುವ ಅಳತೆ ಇನ್ನೊಂದು ಕಡೆ. ಈ ಎರಡನೆಯದನ್ನು ಮನೆಯವರನ್ನು ಕೇಳಿ ಕೇಳಿ ತುಂಬುತ್ತಾರೆ. ಅದರಲ್ಲಿ 55ರಿಂದ 69 ಅಂಕ ಬಂದರೆ ಶೇ 50, 36ರಿಂದ 54 ಬಂದರೆ ಶೇ 75, 21ರಿಂದ 35 ಬಂದರೆ ಶೇ 90, 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಶೇ 100. 70ರಿಂದ 84 ಇದ್ದರೆ ಬರುವುದು ಶೇ 25 ಮಾತ್ರ. ಆಟಿಸಂಗೆ ಇದಲ್ಲ, ಅದಕ್ಕೆ ಐ.ಎಸ್.ಎ.ಎ. ಅನ್ನುವ ಬೇರೆ ಅಳತೆ ಇದೆ.

ತಮ್ಮನ ಮೊದಲ ಪರೀಕ್ಷೆ ಆದಾಗ ಅವನಿಗೆ 11 ವರ್ಷ. ಪರೀಕ್ಷೆ ಮಾಡುವ ಮೇಡಂ ಕೇಳಿದರು, "ಶರ್ಟಿನ ಗುಂಡಿ ತಾನೇ ಹಾಕಿಕೊಳ್ತಾನಾ?" ಅಮ್ಮ ಅಂದಳು, "ಹಾಕ್ಕೋತಾನೆ." "ಅಂಗಡಿಗೆ ಹೋಗಿ ಸಾಮಾನು ತರ್ತಾನಾ?" "ತರ್ತಾನೆ ಮೇಡಂ. ನೂರು ಕಾಯಿ ಬೇಕಾದ್ರೂ ಎಣಿಸ್ತಾನೆ."

ಅಮ್ಮ ಸುಳ್ಳು ಹೇಳಲಿಲ್ಲ. ಮೇಲಿನ ಎರಡು ಗುಂಡಿ ಅಮ್ಮ ಹಾಕಿದರೆ ಉಳಿದದ್ದನ್ನು ಅವನು ಹಾಕಿಕೊಳ್ಳುತ್ತಿದ್ದ. ಅಂಗಡಿಗೆ ಹೋಗುತ್ತಿದ್ದ, ಆದರೆ ಚೀಟಿ, ದುಡ್ಡು ಎರಡನ್ನೂ ಅಂಗಡಿಯವರ ಕೈಗಿಟ್ಟು ನಿಲ್ಲುತ್ತಿದ್ದ. ಚಿಲ್ಲರೆ ಎಷ್ಟು ಬಂತು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ತೆಂಗಿನಕಾಯಿ ಎಣಿಸುವಾಗ "ಹತ್ತು" ಅಂದ ಮೇಲೆ ಮತ್ತೆ "ಒಂದು" ಅನ್ನುತ್ತಿದ್ದ. ಹತ್ತತ್ತರ ಗುಡ್ಡೆ ಎಷ್ಟಾಯಿತು ಅಂತ ಲೆಕ್ಕ ಇಡುತ್ತಿದ್ದದ್ದು ಅಪ್ಪ. ಹೊರಗಿನವರ ಮುಂದೆ ಮಗನನ್ನು ಬಿಟ್ಟುಕೊಡಬಾರದು ಅಂತ ಅಮ್ಮನಿಗೆ. ಎಲ್ಲ ತಾಯಂದಿರೂ ಹಾಗೇ ಅಲ್ವಾ? ಸರ್ಟಿಫಿಕೇಟಿನಲ್ಲಿ ಶೇ 50 ಅಂತ ಬಂತು. ಅಷ್ಟೂ ವರ್ಷ ಕಡಿಮೆ ಪಿಂಚಣಿಯಲ್ಲೇ ಹೋಯಿತು.

ಹದಿನೆಂಟು ತುಂಬಿದಾಗ ಮತ್ತೆ ಪರೀಕ್ಷೆ ಇತ್ತು. ಈ ಸಲ ನಾನು ಹದಿನೈದು ದಿನ ಮೊದಲೇ ಒಂದು ನೋಟ್‌ಬುಕ್ ಇಟ್ಟೆ. ಬೆಳಗಿನಿಂದ ರಾತ್ರಿವರೆಗೆ ಅವನು ಮಾಡಿದ್ದೇನು, ನಾವು ಕೈಹಾಕಿದ್ದೆಲ್ಲಿ, ಅಷ್ಟೇ ಬರೆದದ್ದು. "ಸ್ನಾನ: ನೀರು ಹದ ಮಾಡಿಕೊಟ್ಟರೆ ತಾನೇ ಮಾಡುತ್ತಾನೆ. ಹದ ಮಾಡಲು ಬರಲ್ಲ, ಒಮ್ಮೆ ತೋಳು ಸುಟ್ಟುಕೊಂಡಿದ್ದ." "ಬಸ್: ಗುಬ್ಬಿಯಿಂದ ಒಬ್ಬನೇ ಬರಲಾರ." "ಜ್ವರ ಬಂದರೆ ಹೇಳಲ್ಲ, ಊಟ ಬಿಟ್ಟಾಗ ನಾವೇ ತಿಳಿದುಕೊಳ್ಳಬೇಕು." ನೀವೂ ಹೀಗೇ ಬರೆಯಿರಿ. ಒಬ್ಬನೇ ಇದ್ದಾಗ ಮಾಡುವುದು ಯಾವುದು, ನೀವು ಪಕ್ಕದಲ್ಲಿದ್ದರೆ ಮಾಡುವುದು ಯಾವುದು ಅಂತ ಬೇರೆ ಬೇರೆ ಮಾಡಿ. ಜಾಸ್ತಿ ಹೇಳಬೇಡಿ, ಕಮ್ಮಿಯೂ ಹೇಳಬೇಡಿ. ಮೇಡಂ ಅದನ್ನು ಓದುತ್ತಾ ಕೇಳುತ್ತಾ ಹೋದರು. ಬಂದದ್ದು ಶೇ 75.

ಆ ದಿನ ಹೊರಡುವ ಮುಂಚೆ ತಮ್ಮನನ್ನು ಕೂರಿಸಿಕೊಂಡು ಹೇಳಿದ್ದೆ, "ನಿನಗೆ ಬರದೆ ಇರೋದನ್ನ ಇವತ್ತು ನಿನ್ನ ಮುಂದೇನೇ ಹೇಳ್ತೀನಿ ಕಣೋ, ಬೇಜಾರು ಮಾಡ್ಕೋಬೇಡ." ಅವನು ಅಲ್ಲಿ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದ. ಕೊನೆಗೆ ಮೇಡಂ ಕಡೆ ನೋಡಿ, "ಕರು ನಾನೇ ಕಟ್ಟದು" ಅಂದ. ಅವರು ಅದನ್ನೂ ಬರೆದುಕೊಂಡರು. ದಯವಿಟ್ಟು ಮಕ್ಕಳನ್ನು ಏನೂ ಹೇಳದೆ ಕರೆದುಕೊಂಡು ಹೋಗಬೇಡಿ, ಅವರಿಗೆ ಎಲ್ಲಾ ಕೇಳಿಸುತ್ತದೆ.

ಶೇಕಡಾ ತಪ್ಪಾಗಿದೆ ಅಂತ ನಿಮಗೆ ಖಾತ್ರಿಯಿದ್ದರೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು.

ಚಿಕ್ಕ ಮಕ್ಕಳಿದ್ದರೆ ಕಾಯಬೇಡಿ. ಒಂದು ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಅದು ತಾತ್ಕಾಲಿಕ. ಐದು, ಹತ್ತು, ಹದಿನೆಂಟು ವರ್ಷಕ್ಕೆ ನವೀಕರಿಸಬೇಕು. ಹದಿನೆಂಟಕ್ಕೆ ಕೊಟ್ಟದ್ದು ಕೊನೆಯವರೆಗೂ ನಡೆಯುತ್ತದೆ. ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಆರ್.ಬಿ.ಎಸ್.ಕೆ. ತಂಡದವರಿಗೆ ನಿಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿ.

ಶಾಲೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಶೇ 40 ಮತ್ತು ಮೇಲಿರುವ ಮಗುವಿಗೆ ಆರರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವುದು ನಿಮ್ಮ ಆಯ್ಕೆ. ತಮ್ಮನನ್ನು ಒಂದು ಶಾಲೆಯಲ್ಲಿ "ಬೇರೆ ಮಕ್ಕಳಿಗೆ ತೊಂದರೆ" ಅಂತ ಬಾಯಿಮಾತಲ್ಲೇ ಕಳಿಸಿಬಿಟ್ಟರು. ಅಪ್ಪ ಕೈಮುಗಿದು ಬಂದರು. ಈಗಾಗಿದ್ದರೆ ನಾನು "ಅದನ್ನೇ ಬರೆದುಕೊಡಿ ಸರ್" ಅಂತ ಕೇಳುತ್ತಿದ್ದೆ. ಬಿ.ಇ.ಒ. ಕಚೇರಿಯ ಕಡೆ ಬಿ.ಐ.ಇ.ಆರ್.ಟಿ. ಅನ್ನುವ ಶಿಕ್ಷಕರು ಇಂಥ ಮಕ್ಕಳಿಗೆಂದೇ ಇದ್ದಾರೆ, ಅವರನ್ನು ಹುಡುಕಿ.

ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಪಾಸ್‌ಬುಕ್ ಬೇಕು. ಶೇ 40 ದಾಟಿದವರಿಗೆ ಒಂದು ಮೊತ್ತ, ಶೇ 75 ಮುಟ್ಟಿದವರಿಗೆ ಅದಕ್ಕಿಂತ ಹೆಚ್ಚು. ಶೇಕಡಾ ಬದಲಾದರೆ ದುಡ್ಡು ತಾನಾಗೇ ಬದಲಾಗುತ್ತದೆ ಅಂತ ನಾನು ಕಾದೆ. ಆಗಲಿಲ್ಲ. ಹೊಸ ಸರ್ಟಿಫಿಕೇಟ್ ಕೊಟ್ಟು ಕೇಳಿದ ಮೇಲೇ ಆದದ್ದು. ಸ್ವೀಕೃತಿ ಚೀಟಿ ಇಸಿದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.

ಬಸ್ ಪಾಸ್‌ಗೆ ವರ್ಷಕ್ಕೆ 660 ರೂಪಾಯಿ ಕೊಟ್ಟೆವು. ಮನೆಯಿಂದ 100 ಕಿಲೋಮೀಟರ್ ತನಕ ನಡೆಯುತ್ತದೆ. ಗುಬ್ಬಿಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬರಲು ಸಾಕು, ಪಾವಗಡದವರಿಗೆ ಸಾಲದು. ಅರ್ಜಿ ಸೇವಾ ಸಿಂಧುವಿನಲ್ಲಿ. ರೈಲಿನಲ್ಲಿ ಒಬ್ಬರೇ ಓಡಾಡಲಾಗದ ಬೌದ್ಧಿಕ ಅಂಗವಿಕಲರಿಗೆ ಸ್ಲೀಪರ್‌ನಲ್ಲೂ ಮೂರನೇ ಎ.ಸಿ.ಯಲ್ಲೂ ಶೇ 75 ರಿಯಾಯಿತಿ. ಜೊತೆಗೆ ಹೋಗುವವರಿಗೂ ಅಷ್ಟೇ ರಿಯಾಯಿತಿ.

ನಿರಾಮಯ ಅನ್ನುವ ಆರೋಗ್ಯ ವಿಮೆ ನ್ಯಾಷನಲ್ ಟ್ರಸ್ಟ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಒಂದು ಲಕ್ಷದವರೆಗೆ ಖರ್ಚು ಕೊಡುತ್ತಾರೆ, ಥೆರಪಿಗೂ ಸಿಗುತ್ತದೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ಆರೋಗ್ಯ ತಪಾಸಣೆಯೂ ಇಲ್ಲ. ನಾವು ಬಿ.ಪಿ.ಎಲ್. ಕಾರ್ಡಿನವರು, ಸೇರಿದಾಗ 250 ರೂಪಾಯಿ ಕಟ್ಟಿದ್ದೆವು. ವಿಮೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಶಿವರಾತ್ರಿ ಬಂತು ಅಂದರೆ ನವೀಕರಣ ನೆನಪಿಗೆ ಬರಲಿ. ಆಸ್ಪತ್ರೆಯ ಅಸಲು ಬಿಲ್ಲುಗಳನ್ನು ಜೋಪಾನ ಮಾಡಿ.

ಇನ್ನು ಯಾರೂ ಮೊದಲೇ ಹೇಳದ ವಿಷಯ. ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮ ಪೋಷಕರಲ್ಲ, ಅಂದರೆ ಗಾರ್ಡಿಯನ್ ಅಲ್ಲ. ಅಪ್ಪ ಹೋದ ಮೇಲೆ ಫೌತಿ ಖಾತೆ ಮಾಡಿಸಲು, ಅಂದರೆ ತೋಟವನ್ನು ವಾರಸುದಾರರ ಹೆಸರಿಗೆ ಮಾಡಿಸಲು ಹೊರಟಾಗ ನಮ್ಮ ಕಡೆಯವರೇ ಅಂದರು, "ಅವನಿಗ್ಯಾಕೆ ತೋಟದಲ್ಲಿ ಪಾಲು, ಅವನೇನು ಉಳ್ತಾನಾ?" ಪಾಲು ಅವನ ಹಕ್ಕು. ಆಸ್ತಿ ಹೊಂದಲು, ಪಿತ್ರಾರ್ಜಿತ ಪಡೆಯಲು ಅಂಗವಿಕಲರಿಗೂ ಬೇರೆಯವರಷ್ಟೇ ಹಕ್ಕಿದೆ ಅಂತ 2016ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಇದೆ. ಅದನ್ನು ಪ್ರಿಂಟ್ ತೆಗೆಸಿ ಅವರ ಮುಂದೆ ಓದಿದೆ.

ಆ ಪಾಲು ನೋಡಿಕೊಳ್ಳಲು ಕಾನೂನಿನ ಪೋಷಕರು ಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿ ಇದೆ. ಕೋರ್ಟಿಗೆ ಅಲೆಯಬೇಕಿಲ್ಲ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ ಇದು ಅನ್ವಯ. ಹೆತ್ತವರೋ ಸಂಬಂಧಿಕರೋ ತಮಗೆ ಬೇಕಾದವರ ಹೆಸರು ಸೂಚಿಸಿ ಅರ್ಜಿ ಹಾಕಬಹುದು. ನಮ್ಮಲ್ಲಿ ಅಮ್ಮ ಅರ್ಜಿ ಹಾಕಿ ನನ್ನ ಹೆಸರು ಕೊಟ್ಟಳು. ಪೋಷಕಿ ಆದ ಮೇಲೆ ಆಸ್ತಿ ನನ್ನದಾಗಲಿಲ್ಲ, ಜವಾಬ್ದಾರಿ ನನ್ನದಾಯಿತು. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ವರ್ಷ ಮಾರ್ಚ್ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಕೊಬ್ಬರಿ ಮಾರಿದ ಚೀಟಿ, ಕೂಲಿ ಕೊಟ್ಟ ಲೆಕ್ಕ ಎಲ್ಲ ಇಡುತ್ತೇನೆ. ಪೋಷಕರು ಅವರನ್ನು ನಿರ್ಲಕ್ಷಿಸಿದರೆ, ಆಸ್ತಿ ದುರುಪಯೋಗ ಮಾಡಿದರೆ ತೆಗೆದುಹಾಕಲು ಅವಕಾಶವೂ ಇದೆ. ಅದು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ವೋಟರ್ ಲಿಸ್ಟ್‌ಗೂ ಹೆಸರು ಸೇರಿಸಿ. ತಮ್ಮ ವೋಟು ಹಾಕಿ ಬಂದ ದಿನ ಬೆರಳ ಮಸಿಯನ್ನು ಬೀದಿಯಲ್ಲಿ ಮನೆಮನೆಗೆ ತೋರಿಸಿ ಬಂದ.

ಯಾರಾದರೂ ಹಕ್ಕು ತಪ್ಪಿಸಿದರೆ ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ ದೂರು ಯಾರ ಟೇಬಲ್ ಮೇಲೂ ನಿಲ್ಲುವುದಿಲ್ಲ.

ಇವೆಲ್ಲ ಕಾಗದ ನಮ್ಮ ಮನೆಯಲ್ಲಿ ಒಂದೇ ನೀಲಿ ಫೈಲಿನಲ್ಲಿವೆ. ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್, ಒಂದು ಸೆಟ್ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ. ಒಳಗಿನ ಮೊದಲ ಹಾಳೆಯಲ್ಲಿ ಯಾವ ತಿಂಗಳು ಏನು ನವೀಕರಿಸಬೇಕು, ಅವನಿಗೆ ಯಾವ ಮಾತ್ರೆ, ಅವನು ಹೆದರಿದರೆ ಏನು ಮಾಡಬೇಕು ಅಂತ ಬರೆದಿಟ್ಟಿದ್ದೇನೆ. ಅಮ್ಮನಿಗೆ ಓದಲು ಬರುವುದಿಲ್ಲ. ಹಾಗಾಗಿ ಫೈಲಿನ ಮೇಲೆ ತಮ್ಮನ ಫೋಟೋ ಅಂಟಿಸಿದ್ದೇನೆ. ನಾನು ಊರಲ್ಲಿ ಇಲ್ಲದ ದಿನ ಯಾರಾದರೂ ಕೇಳಿದರೆ ಅಮ್ಮ ಬೀರುವಿನಿಂದ ಅದನ್ನೇ ತೆಗೆದುಕೊಡುತ್ತಾಳೆ.